ಕೈಯಿಂದ ಸೇರಿಸಿದ ಸಾಲು

ಮಾರ್ಚ್ 4

ಶ್ರೀಮತಿ ಅತ್ತಿಗೆಮ್ಮನವರ ಸನ್ನಿಧಿಗೆ ನಾದಿನಿಯ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ನನಗೆ ಮದುವೆಯೂ ಗೊತ್ತಾಗಿಲ್ಲ. ನಮ್ಮ ಆಸ್ಪತ್ರೆಯಲ್ಲಿ ತನಿಖೆ ನಡೆಯುತ್ತಿದೆ. ನನ್ನ ಕಂಪ್ಯೂಟರು, ಇಮೇಲು, ಫೋನು ಎಲ್ಲ ತನಿಖಾ ಸಮಿತಿಯವರ ವಶದಲ್ಲಿವೆ. ಬೇರೆ ಫೋನಿನಿಂದ ನಿನಗೆ ಮಾಡೋಣವೆಂದರೆ ಅಣ್ಣ ಪಕ್ಕದಲ್ಲೇ ನಿಂತು "ಏನಂತೆ, ಏನಂತೆ" ಎಂದು ಪ್ರಾಣ ತಿನ್ನುತ್ತಾನೆ. ಅದಕ್ಕೇ ಹಳೇ ಕಾಲದವರ ಹಾಗೆ ಅಂಚೆಗೆ ಹಾಕುತ್ತಿದ್ದೇನೆ. ನೀನೂ ಹಾಗೇ ಬರಿ.

ಕಳೆದ ವಾರ ವಾರ್ಡಿನಲ್ಲಿ ಒಂದು ಅನಾಹುತವಾಯಿತು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹೊಟ್ಟೆ ಹುಣ್ಣಿನ ಅಜ್ಜಿಯೊಬ್ಬರಿದ್ದರು. ಅವರನ್ನು ಸ್ಕ್ಯಾನಿಗೆ ಕರೆದೊಯ್ದಿದ್ದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಟೀಚರಮ್ಮ ಒಬ್ಬರು ಬಂದರು. ಬೇರೆ ಹಾಸಿಗೆ ಖಾಲಿಯಿರಲಿಲ್ಲ. ವಾರ್ಡಿನ ಸಿಸ್ಟರ್ ಅವರನ್ನು ಅಜ್ಜಿಯ ಹಾಸಿಗೆಗೆ ಹಾಕಿ ಕಂಪ್ಯೂಟರಿನಲ್ಲೂ ಬರೆದರು. ಅಜ್ಜಿಯ ಹೆಸರನ್ನು ಅಲ್ಲಿಂದ ತೆಗೆದಿರಲಿಲ್ಲ. ಅವಸರದಲ್ಲಿ ಎಲ್ಲರೂ ಮಾಡುವುದೇ ಅದು. ಆಮೇಲೆ ನೋಡಿದರೆ ಟೀಚರಮ್ಮನಿಗೆ ಬರೆದ ರಕ್ತ ತೆಳು ಮಾಡುವ ಇಂಜೆಕ್ಷನ್ ಅಜ್ಜಿಯ ಪುಟದಲ್ಲೂ ಬಂದು ಕೂತಿತ್ತು. ಸಿಸ್ಟರ್ ಪರದೆ ನೋಡಿ ಚುಚ್ಚಿದರು. ಅಜ್ಜಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ತೀವ್ರ ನಿಗಾ ಘಟಕಕ್ಕೆ ಹಾಕಬೇಕಾಯಿತು. ಈಗ ಮಾತಾಡುತ್ತಿದ್ದಾರೆ, ಉಳಿಯುತ್ತಾರೆ ಎನ್ನುತ್ತಾರೆ ಡಾಕ್ಟರು.

ಸಿಸ್ಟರನ್ನು ಅಮಾನತು ಮಾಡಿದ್ದಾರೆ. ತಪ್ಪು ಅವರದೆಂದು ಸಮಿತಿ ಹೇಳಿದರೆ ನೋಂದಣಿಯೇ ರದ್ದು. ಆಮೇಲೆ ಯಾವ ಆಸ್ಪತ್ರೆಯಲ್ಲೂ ಸೂಜಿ ಹಿಡಿಯುವ ಹಾಗಿಲ್ಲ. ಅವರು ಒಂದೇ ಮಾತು ಹಿಡಿದು ಕೂತಿದ್ದಾರೆ: "ಮೊದಲೆಲ್ಲ ಒಂದು ಹಾಸಿಗೆಗೆ ಇಬ್ರನ್ನ ಹಾಕಿದ್ರೆ ಪರದೆ ಕೆಂಪಗಾಗಿ ನಿಂತುಬಿಡ್ತಿತ್ತು. ಅವತ್ತು ಆಗ್ಲಿಲ್ಲ ಕಣ್ರೀ." ಯಾರೂ ನಂಬುತ್ತಿಲ್ಲ.

ಸಮಿತಿಯ ವಕೀಲರು ನಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ ಎಂದರು. ಹೇಳಿದೆ. ನಮ್ಮ ಅತ್ತಿಗೆ ದೂರದ ಊರಿನ ಡಿಸೈನ್ ಆಫೀಸಿನಲ್ಲಿ ಕೂತು ಡಬ್ಬಿ ಬರೆದು ಗೆರೆ ಎಳೆದು ಆಸ್ಪತ್ರೆಯ ಮಾಡೆಲ್ ಮಾಡುತ್ತಾರೆ. ಗುಂಡಿ ಒತ್ತಿದರೆ ಆ ಚಿತ್ರದಿಂದ ಆಂಟಾಲಜಿ ಫೈಲು ಹೊರಬರುತ್ತದೆ: ರೋಗಿ ಎಂದರೇನು, ಹಾಸಿಗೆ ಎಂದರೇನು, ಯಾವುದಕ್ಕೆ ಯಾವುದು ಸಂಬಂಧ ಎಂಬುದೆಲ್ಲ ಅದರಲ್ಲಿ. ಅದನ್ನು ಇಲ್ಲಿ ನಡೆಸುವವಳು ನಾನು. ಆ ಫೈಲು ಓದಿ, ಬರೆದದ್ದರಿಂದ ಬರೆಯದ್ದನ್ನು ತರ್ಕ ಮಾಡುವ ಪ್ರೋಗ್ರಾಂ ಒಂದಿದೆ, ಅದಕ್ಕೆ ನಾವಿಟ್ಟ ಹೆಸರು ಪಂಡಿತರು ಎಂದೆ.

"ಪಂಡಿತರು ಯಾಕೆ ತಪ್ಪು ಮಾಡಿದ್ರು?" ಎಂದರು.

"ಸಾರ್, ನಿಮ್ಮ ಮನೆಯವರಿಗೆ ಒಬ್ಬನೇ ಗಂಡ ಅನ್ನೋದು ನಿಯಮ ಅಂತಿಟ್ಕೊಳ್ಳಿ. ಯಾರೋ ಬಂದು ನೀವೂ ಅವರ ಗಂಡ, ಮೂಲೆ ಅಂಗಡಿಯವನೂ ಅವರ ಗಂಡ ಅಂತ ಬರೆಸಿದ್ರೆ ಬೇರೆ ಪ್ರೋಗ್ರಾಂ ಆದ್ರೆ ತಪ್ಪು ತಪ್ಪು ಅಂತ ಕೂಗುತ್ತೆ. ಪಂಡಿತರು ಕೂಗಲ್ಲ. ಗಂಡ ಒಬ್ಬನೇ ತಾನೆ, ಹಾಗಾದ್ರೆ ವಕೀಲರೂ ಅಂಗಡಿಯವನೂ ಒಬ್ಬನೇ ಅಂತ ತೀರ್ಮಾನ ಮಾಡ್ತಾರೆ. ನೀವಿಬ್ರೂ ಬೇರೆ ಬೇರೆ ಮನುಷ್ಯರು ಅಂತ ಅವರಿಗೆ ಮೊದಲೇ ಬಿಡಿಸಿ ಹೇಳಿರಬೇಕು."

ವಕೀಲರ ಮುಖ ನೋಡಬೇಕಿತ್ತು ನೀನು. ಹೀಗೆಯೇ, ಒಂದು ಹಾಸಿಗೆಗೆ ಒಬ್ಬರೇ ರೋಗಿ ಎಂಬ ನಿಯಮ ಹಿಡಿದು ಪಂಡಿತರು ಅಜ್ಜಿಯನ್ನೂ ಟೀಚರಮ್ಮನನ್ನೂ ಒಬ್ಬರೇ ಮಾಡಿಬಿಟ್ಟರು.

ಒಂದು ಮಾತು ಕೇಳಬೇಕು. ಫೆಬ್ರವರಿ ಕೊನೆಯಲ್ಲಿ ನಿಮ್ಮ ಕಡೆ ಏನಾದರೂ ಬದಲಾಯಿತೇ? ಸುಮ್ಮನೆ ಕೇಳಿದೆ, ಅಷ್ಟೇ.

ನಿನ್ನ ಕಿರಿಕಿರಿ


ಮಾರ್ಚ್ 11

ಪ್ರೀತಿಯ ಕಿರಿಕಿರಿಗೆ,

ನಿಮ್ಮಣ್ಣ ನಿನ್ನ ಕಾಗದದ ಎರಡನೇ ಸಾಲನ್ನಷ್ಟೇ ಓದಿ, ಮದುವೆ ಗೊತ್ತಾಗಿಲ್ಲವೆಂದು ನಿಟ್ಟುಸಿರುಬಿಟ್ಟು ಪೇಪರು ಹಿಡಿದು ಕೂತರು. ಮಿಕ್ಕದ್ದನ್ನು ನಾನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಆ ಅಜ್ಜಿಯನ್ನು ನೆನೆದು ದೇವರಿಗೆ ಒಂದು ದೀಪ ಹಚ್ಚಿದೆ. ಹುಷಾರಾದರೆ ತಕ್ಷಣ ತಿಳಿಸು.

ನೀನು "ಸುಮ್ಮನೆ" ಏನನ್ನೂ ಕೇಳುವವಳಲ್ಲ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗ ನನ್ನ ಸೋಪು ಖಾಲಿಯಾಗಿದೆಯೇ ಎಂದು "ಸುಮ್ಮನೆ" ಕೇಳಿದ ದಿನವೇ ಅದು ನಿನ್ನ ಬಕೆಟ್ಟಿನಲ್ಲಿ ಸಿಕ್ಕಿತ್ತು. ಇರಲಿ, ಉತ್ತರ ಹೇಳುತ್ತೇನೆ. ನಾನು ಒಂದು ನಿಯಮವನ್ನೂ ಬದಲಿಸಿಲ್ಲ. ಒಂದು ಗೆರೆಯನ್ನೂ ಅತ್ತಿತ್ತ ಸರಿಸಿಲ್ಲ. ಯಾರು ಬಂದು ಕೇಳಿದರೂ ಇದೇ ಮಾತು.

ನಮ್ಮ ಮಾನದಂಡ ನಿನಗೆ ಗೊತ್ತಿರುವುದೇ. ನಿಜ ಇರುವುದು ಚಿತ್ರದಲ್ಲಿ. ಫೈಲು ಅದರಿಂದ ಹುಟ್ಟುವುದು, ಅಷ್ಟೇ. ಏನಾದರೂ ಬೇಕಾದರೆ ಚಿತ್ರ ತಿದ್ದಬೇಕು, ಮತ್ತೆ ಗುಂಡಿ ಒತ್ತಬೇಕು. ಫೈಲಿಗೆ ನೇರವಾಗಿ ಕೈ ಹಾಕಬಾರದು. ಇಷ್ಟನ್ನು ಎಲ್ಲರೂ ಪಾಲಿಸಿದರೆ ಯಾರ ಮೇಲೂ ಗೂಬೆ ಕೂರಿಸುವ ಪ್ರಸಂಗವೇ ಬರುವುದಿಲ್ಲ.

ಆದರೆ ನಿಮ್ಮ ಸಿಸ್ಟರ್ ಹೇಳಿದ ಮಾತು ನನ್ನ ತಲೆಗೆ ಹುಳ ಬಿಟ್ಟಿದೆ. ಮೊದಲು ಪರದೆ ಕೆಂಪಗಾಗುತ್ತಿತ್ತಂತೆ. ಹೇಗೆ? ನಮ್ಮ ಚಿತ್ರದ ಕಡೆಯವರಿಗೆ ಎರಡು ರೋಗಿ ನಂಬರು ಎಂದರೆ ಇಬ್ಬರು ಮನುಷ್ಯರೇ. ಅದನ್ನು ಬಿಡಿಸಿ ಬರೆಯುವ ಅಭ್ಯಾಸವೇ ಇಲ್ಲ. ನಾನು ಬರೆದಿಲ್ಲ. ಬರೆಯದಿದ್ದರೆ ಪಂಡಿತರು ಕೂಗುವುದಿಲ್ಲವೆಂದು ನೀನೇ ವಕೀಲರಿಗೆ ಪಾಠ ಮಾಡಿದ್ದೀಯ. ಹಾಗಾದರೆ ಆ ಕೆಂಪು ಎಲ್ಲಿಂದ ಬಂತಮ್ಮ?

ಸುಮ್ಮನೆ ಕೇಳಿದೆ, ಅಷ್ಟೇ.

ಅತ್ತಿಗೆ


ಮಾರ್ಚ್ 17

ಅತ್ತಿಗೆಯವರಿಗೆ,

ನಿಮ್ಮ ಕಾಗದ ತಲುಪಿತು. ಸೋಪಿನ ಕಥೆ ಚೆನ್ನಾಗಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನಿಮಗೆ ಮೊದಲಿಂದಲೂ ಚೆನ್ನಾಗಿಯೇ ಬರುತ್ತದೆ.

ನೀವು ಏನನ್ನೂ ಬದಲಿಸಿಲ್ಲವೆಂದು ಬರೆದಿದ್ದೀರಿ. ಹೊಸ ಫೈಲು ಕಳಿಸಿಲ್ಲವೆಂದು ಬರೆದಿಲ್ಲ. ನಾನು ಎರಡು ಸಲ ಓದಿದೆ. ಇಲ್ಲಿನ ಫೈಲಿನ ಮೇಲೆ ಅನಾಹುತಕ್ಕೆ ಎರಡು ದಿನ ಹಿಂದಿನ ತಾರೀಕಿದೆ. ಅದನ್ನು ನಾನು ಹಾಕಿಲ್ಲ. ನಿಮ್ಮ ಕಡೆಯಿಂದ ಬಂದ ಫೈಲನ್ನು ನಮ್ಮ ಯಂತ್ರ ತಾನಾಗಿಯೇ ಎತ್ತಿಕೊಂಡು ನನ್ನ ಹೆಸರಿನಲ್ಲೇ ಜೋಡಿಸುತ್ತದೆ, ಅದು ನಿಮಗೂ ಗೊತ್ತು. ಹಾಗಾಗಿ ಈಗ ಲೋಕದ ಕಣ್ಣಿಗೆ ಎಲ್ಲ ಮಾಡಿದವಳು ನಾನೇ. ಇದು ನಿಮಗೆ ಅನುಕೂಲವಾಗಿಯೇ ಇದೆ, ಅಲ್ಲವೇ?

ಕೆಂಪು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಅದು ಎಲ್ಲಿಗೆ ಹೋಯಿತು ಎಂಬುದು ನನ್ನ ಪ್ರಶ್ನೆ.

ನಿನ್ನೆ ಸಿಸ್ಟರ್ ತಮ್ಮ ಕಪಾಟು ಖಾಲಿ ಮಾಡಲು ಬಂದಿದ್ದರು. ಎಲ್ಲ ಡಾಕ್ಟರುಗಳಿಗೂ ಗದರುತ್ತಿದ್ದ ಹೆಂಗಸು. "ಕೈ ತೊಳ್ಕೊಂಡ್ರಾ? ಮತ್ತೆ ತೊಳ್ಕೊಳ್ಳಿ!" ಎಂದು ದೊಡ್ಡ ಡಾಕ್ಟರನ್ನೇ ಬಾಗಿಲಲ್ಲಿ ನಿಲ್ಲಿಸಿದವರು. ನಿನ್ನೆ ಬಾಗಿಲಲ್ಲಿ ತಾವೇ ನಿಂತು "ಒಳಗೆ ಬರಬಹುದಾ?" ಎಂದು ಆಯಾಳನ್ನು ಕೇಳಿದರು. ಕಪಾಟಿನಲ್ಲಿದ್ದದ್ದು ಒಂದು ಸ್ವೆಟರು, ಒಂದು ಬಾಚಣಿಗೆ, ಹಳೇ ಷೂ. ಅದನ್ನೆಲ್ಲ ಕೈಚೀಲಕ್ಕೆ ಹಾಕಿಕೊಳ್ಳುತ್ತ ನನ್ನನ್ನು ನೋಡಿದರು.

"ಮೇಡಂ, ಕೆಂಪು ಬರ್ತಿತ್ತು ಅಲ್ವಾ? ನಿಮಗಾದ್ರೂ ಗೊತ್ತಿರುತ್ತೆ."

"ನೋಡ್ತಾ ಇದೀವಿ ಸಿಸ್ಟರ್" ಎಂದೆ.

ಅತ್ತಿಗೆ, ಫೈಲಿನಿಂದ ಏನು ಅಳಿಸಿದಿರಿ? ಯಾರ ಮಾತು ಕೇಳಿ ಅಳಿಸಿದಿರಿ? ನೇರವಾಗಿ ಹೇಳಿ.

ಇಂತಿ,
ನಿಮ್ಮ ನಾದಿನಿ


ಮಾರ್ಚ್ 24

ನಾದಿನಿಯವರಿಗೆ,

ನೀವಂತೆ, ನಿಮಗಂತೆ! ಒಂದೇ ಬಕೆಟ್ಟಿನಲ್ಲಿ ಬಟ್ಟೆ ಒಗೆದವರು ನಾವು. ನಿಮ್ಮಣ್ಣನನ್ನು ನಾನು ಮದುವೆಯಾಗುವ ಮೊದಲೇ ನಿನ್ನ ಜೊತೆ ಸಂಸಾರ ಮಾಡಿದವಳು ನಾನು. ನನಗೇ ಬಹುವಚನ ಹಚ್ಚುತ್ತೀಯ? ಇರಲಿ, ನನಗೂ ಬರುತ್ತದೆ.

ಹೌದು, ಹೊಸ ಫೈಲು ಕಳಿಸಿದೆ. ಮುಚ್ಚಿಡುವುದು ಏನಿದೆ? ನಿಮ್ಮ ದೊಡ್ಡ ಡಾಕ್ಟರೇ ಫೋನ್ ಮಾಡಿದ್ದರು. "ಯಾರೋ ದೊಡ್ಡವರು ನೋಡೋಕೆ ಬರ್ತಿದ್ದಾರೆ, ಪರದೆ ಮೇಲೆ ಸಾಮಾನ್ಯ ವಾರ್ಡ್ ಅಂತಿರೋದು ಚೆನ್ನಾಗಿ ಕಾಣಲ್ಲ, ಹೆಂಗಸರ ವಾರ್ಡ್ ಮಾಡಿಕೊಡಿ" ಎಂದರು. ಒಂದು ಡಬ್ಬಿಯ ಹೆಸರು ಬದಲಿಸಿದೆ, ಗುಂಡಿ ಒತ್ತಿದೆ, ಕಳಿಸಿದೆ. ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅದನ್ನು ನಿನಗೆ ಡಂಗುರ ಸಾರಬೇಕಿತ್ತೇ? ಚಿತ್ರದಲ್ಲಿ ಇದ್ದದ್ದೆಲ್ಲ ಫೈಲಿನಲ್ಲಿ ಇತ್ತು. ಒಂದು ಸಾಲು ಹೆಚ್ಚಿಲ್ಲ, ಒಂದು ಸಾಲು ಕಡಿಮೆಯಿಲ್ಲ. ನಾನು ಏನನ್ನೂ ಅಳಿಸಿಲ್ಲ.

ಈಗ ನನ್ನ ಸರದಿ. ಹೊಸ ಫೈಲು ಬಂದ ಮೇಲೆ ಏನೋ ಮಾಯವಾಯಿತು ಎಂದರೆ, ಅದಕ್ಕೆ ಮೊದಲು ಅಲ್ಲಿ ಚಿತ್ರದಲ್ಲಿಲ್ಲದ ಏನೋ ಇತ್ತು ಎಂದಾಯಿತು. ಅದನ್ನು ಅಲ್ಲಿಗೆ ಯಾರು ತಂದಿಟ್ಟರು? ಆಯಾ ತಂದಿಟ್ಟಳೇ? ಹಳೇ ಫೈಲು ಇದ್ದದ್ದು ನಿನ್ನ ಹತ್ತಿರ. ಬೀಗದ ಕೈ ಇದ್ದದ್ದು ನಿನ್ನ ಹತ್ತಿರ. ನೀನು ಫೈಲಿಗೆ ಕೈ ಹಾಕಿದ್ದೀಯ. ಇಲ್ಲ ಎಂದು ಬರಿ ನೋಡೋಣ. ನನ್ನಿಂದ "ಅಳಿಸಿದೆ" ಎಂದು ಬರೆಸಿಕೊಂಡು ಆ ಕಾಗದವನ್ನು ವಕೀಲರ ಮುಂದಿಡುವ ಯೋಚನೆ ಇದ್ದರೆ ಅದನ್ನು ಕೈಬಿಡು.

ಇಲ್ಲಿ ನಮ್ಮ ಮುಖ್ಯಸ್ಥರಿಗೆ ಸುದ್ದಿ ಮುಟ್ಟಿದೆ. ಆಫೀಸಿನ ಲಾಯರು ದಿನಾ ಬಂದು ನನ್ನ ಟೇಬಲ್ಲಿನ ಎದುರು ಕೂರುತ್ತಾರೆ. "ನಿಮ್ಮ ನಾದಿನಿ ಅಂತೆ?" ಎಂದು ಕೇಳುವಾಗ ಅವರು ನಗುವ ರೀತಿ ನನಗೆ ಸಹಿಸಲಾಗುವುದಿಲ್ಲ. ನಾನೂ ಹೊಟ್ಟೆಗೆ ಅನ್ನವನ್ನೇ ತಿನ್ನುತ್ತೇನೆ, ನೆನಪಿರಲಿ.

ಅತ್ತಿಗೆ


ಮಾರ್ಚ್ 29

ಅತ್ತಿಗೆ,

ನಿನ್ನ ಕಾಗದ ಓದಿ ಮೊದಲು ಹರಿದುಹಾಕಿದೆ. ಆಮೇಲೆ ತುಂಡುಗಳನ್ನು ಟೇಬಲ್ಲಿನ ಮೇಲೆ ಜೋಡಿಸಿ ಮತ್ತೆ ಓದಿದೆ.

ಕೈ ಹಾಕಿದ್ದೆ. ಹೌದು.

ಈ ವ್ಯವಸ್ಥೆಯನ್ನು ವಾರ್ಡಿಗೆ ಕೊಡುವ ಮೊದಲು ಸುಳ್ಳು ರೋಗಿಗಳನ್ನು ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಒಂದೇ ಹಾಸಿಗೆಗೆ ಇಬ್ಬರನ್ನು ಹಾಕಿ ನೋಡಿದರೆ ಪಂಡಿತರು ತುಟಿಪಿಟಕ್ಕೆನ್ನದೆ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿದರು. ನಿನಗೆ ಮೇಲ್ ಹಾಕಿ ಕೇಳಿದ್ದೆ, ನಿನಗೆ ನೆನಪಿಲ್ಲವೇ? ನಮ್ಮ ಮಾನದಂಡದ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದು ಉತ್ತರ ಬರೆದೆ ನೀನು. ಮುಂದಿನ ಆವೃತ್ತಿ ಯಾವಾಗ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಇಲ್ಲಿ ಉದ್ಘಾಟನೆಯ ದಿನ ಗೊತ್ತಾಗಿಹೋಗಿತ್ತು. ನಾನೇ ಫೈಲು ತೆರೆದು, ನಂಬರು ಬೇರೆಯಾದರೆ ಮನುಷ್ಯರೂ ಬೇರೆ ಎಂದು ಒಂದು ಸಾಲು ಸೇರಿಸಿದೆ. ಅಂದಿನಿಂದ ಇಬ್ಬರನ್ನು ಒಬ್ಬರನ್ನಾಗಿ ಮಾಡಲಾಗದೆ ಪಂಡಿತರು ಕೂಗುತ್ತಿದ್ದರು; ಸಿಸ್ಟರ್ ಹೇಳುವ ಕೆಂಪು ಅದೇ.

ನಿನಗೆ ಹೇಳಲಿಲ್ಲ. ಹೇಳಿದರೆ ನಿನ್ನ ಮಾನದಂಡದ ಪುರಾಣ ಕೇಳಬೇಕಿತ್ತು. ಇನ್ನೂ ಒಂದು ಇದೆ, ಅದನ್ನೂ ಹೇಳಿಬಿಡುತ್ತೇನೆ: ನಿನ್ನ ಚಿತ್ರದಲ್ಲಿಲ್ಲದ್ದು ನನ್ನ ಕೈಯಿಂದ ನಡೆಯುತ್ತಿದೆಯಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು ನನಗೆ.

ಅನಾಹುತದ ದಿನವೇ ಫೈಲು ತೆಗೆದು ನೋಡಿದೆ. ಆ ಸಾಲು ಇರಲಿಲ್ಲ. ನೀನು ಕಂಡುಹಿಡಿದು, ನನಗೆ ಬುದ್ಧಿ ಕಲಿಸಲೆಂದು ಬೇಕಂತಲೇ ಅಳಿಸಿದೆ ಎಂದುಕೊಂಡೆ. ಚಿತ್ರದಿಂದ ಮತ್ತೆ ಫೈಲು ತೆಗೆದರೆ ಕೈಯಿಂದ ಸೇರಿಸಿದ್ದು ತಾನಾಗಿಯೇ ಹೋಗುತ್ತದೆ ಎಂಬುದು ನಮ್ಮ ಕೆಲಸದ ಅಆಇಈ. ಅದು ನನ್ನ ತಲೆಗೆ ಹೊಳೆಯಲಿಲ್ಲ ನೋಡು. ನಿನ್ನ ಮೇಲಿನ ಸಿಟ್ಟು ಅಷ್ಟಿತ್ತು.

ಏಪ್ರಿಲ್ ಐದಕ್ಕೆ ಸಮಿತಿ ಸೇರುತ್ತದೆ. ಅಂದು ಎದ್ದು ನಿಂತು ಎಲ್ಲ ಹೇಳುತ್ತೇನೆ. ನನಗೆ ಹೇಳದೆ ಹೊಸ ಫೈಲು ಕಳಿಸಿದೆ ಎಂದು ನೀನೂ ಒಂದು ಕಾಗದ ಬರೆದುಕೊಡು. ಅರ್ಧ ನಾನು, ಅರ್ಧ ನೀನು. ಸಿಸ್ಟರದ್ದು ಇದರಲ್ಲಿ ಏನೂ ಇಲ್ಲ.

ಈ ಕಾಗದವನ್ನು ವಕೀಲರಿಗೆ ತೋರಿಸುತ್ತೇನೆಂದು ಹೆದರಬೇಡ. ಇದರಲ್ಲಿ ಸಿಕ್ಕಿಬೀಳುವವಳು ನಾನೇ.

ಕಿರಿಕಿರಿ


ಮಾರ್ಚ್ 30

ನಾದಿನಿಯವರಿಗೆ,

ನಿನ್ನಿಂದ ಉತ್ತರವಿಲ್ಲ. ನನ್ನ ಪ್ರಶ್ನೆಗೆ ಮೌನವೇ ಉತ್ತರ ಎಂದು ತಿಳಿದಿದ್ದೇನೆ. ನನ್ನ ತಲೆಗೆ ಕಟ್ಟಲು ಸಮಯ ನೋಡುತ್ತಿದ್ದೀಯ ಎಂದು ನಮ್ಮ ಲಾಯರು ಹೇಳಿದರು. ನನಗೂ ಹಾಗೇ ಅನಿಸಿತು.

ಇವತ್ತು ಬೆಳಿಗ್ಗೆ ಆಫೀಸಿನ ಕಡೆಯಿಂದ ನಿಮ್ಮ ಸಮಿತಿಗೆ ಪತ್ರ ಹೋಗಿದೆ. ಸಹಿ ನನ್ನದು. ನಮ್ಮ ಕಚೇರಿಯಿಂದ ಯಾವ ನಿಯಮವೂ ಬದಲಾಗಿಲ್ಲ, ಆಸ್ಪತ್ರೆಯಲ್ಲಿ ಫೈಲನ್ನು ಮಾನದಂಡಕ್ಕೆ ವಿರುದ್ಧವಾಗಿ ಕೈಯಿಂದ ತಿದ್ದಿರುವ ಸಂಭವವಿದೆ ಎಂದು ಅದರಲ್ಲಿದೆ. ನಿನಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ನಾನೇ ತಿಳಿಸುತ್ತಿದ್ದೇನೆ.

ಅತ್ತಿಗೆ


ಏಪ್ರಿಲ್ 3

ಕಿರಿಕಿರಿ,

ನಿನ್ನ ಇಪ್ಪತ್ತೊಂಬತ್ತನೇ ತಾರೀಕಿನ ಕಾಗದ ಈಗ ಬಂತು. ಅಯ್ಯೋ ನನ್ನ ಕರ್ಮವೇ. ಇನ್ನು ನಾಲ್ಕು ದಿನ ತಡೆಯಬಾರದಿತ್ತೇ ನಾನು.

ನಿಮ್ಮ ಸಮಿತಿಯ ಕಚೇರಿಗೆ ಫೋನ್ ಮಾಡಿದೆ. ಪತ್ರ ಕಡತಕ್ಕೆ ಸೇರಿದೆ, ವಾಪಸ್ಸು ಕೊಡುವ ಹಾಗಿಲ್ಲವಂತೆ. ನೀನಾಗಿಯೇ ಹೇಳಲಿದ್ದೀಯ ಎಂದು ಹೇಳಿದೆ. "ಅದನ್ನ ಅವರೇ ಹೇಳಲಿ ಬಿಡಿ" ಎಂದು ಫೋನಿಟ್ಟರು. ಈ ಕಾಗದ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಐದರೊಳಗೆ ಸಿಗುತ್ತದೋ ಇಲ್ಲವೋ.

ನಾನು ಬರೆದುಕೊಡಬೇಕೆಂದು ಕೇಳಿದ್ದೀಯ. ಬರೆದರೆ ಆಫೀಸಿನ ಮೇಲೆ ಬರುತ್ತದೆ, ಸ್ವಲ್ಪ ತಡೆಯಿರಿ ಎನ್ನುತ್ತಾರೆ ಲಾಯರು. ಇಲ್ಲ ಎನ್ನುತ್ತಿಲ್ಲ ನಾನು. ಸ್ವಲ್ಪ ತಡಿ.

ಅತ್ತಿಗೆ


ಏಪ್ರಿಲ್ 6

ಅತ್ತಿಗೆಯವರಿಗೆ,

ನಿಮ್ಮ ಮೂವತ್ತನೇ ತಾರೀಕಿನ ಕಾಗದವೂ ಕೊರಿಯರೂ ಇವತ್ತು ಒಟ್ಟಿಗೇ ಬಂದವು. ಸಮಿತಿ ನಿನ್ನೆ ಮುಗಿಯಿತು.

ನಾನು ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಉದ್ದನೆಯ ಟೇಬಲ್ಲು, ಎಲ್ಲರ ಮುಂದೆ ಒಂದೊಂದು ನೀರಿನ ಬಾಟಲಿ. ಸಿಸ್ಟರ್ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಏಳುವ ಮೊದಲೇ ವಕೀಲರು ನಿಮ್ಮ ಪತ್ರ ತೆಗೆದು ಗಟ್ಟಿಯಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನೂ ಅದನ್ನೇ ಹೇಳೋಕೆ ಬಂದಿದ್ದೆ ಸಾರ್" ಎಂದೆ.

"ಹೌದಾ? ಭಲೇ ಸಮಯಕ್ಕೆ ನೆನಪಾಯ್ತು ನಿಮಗೆ" ಎಂದರು. ಎಲ್ಲರೂ ನಕ್ಕರು.

ಆಮೇಲೆ ನಾನು ಹೇಳಿದ ಯಾವ ಮಾತಿಗೂ ಬೆಲೆ ಇರಲಿಲ್ಲ. ಸಾಲು ಸೇರಿಸಿದ್ದು ಜೀವ ಕಾಪಾಡಲಿಕ್ಕೆ ಎಂದೆ. ಅದು ಇತ್ತು ಎನ್ನಲು ಪುರಾವೆ ಏನು ಎಂದರು. ಡಿಸೈನ್ ಆಫೀಸಿನಿಂದ ಹೊಸ ಫೈಲು ಬಂದು ಅದನ್ನು ಅಳಿಸಿತು ಎಂದೆ. "ಈಗ ಅವರ ಮೇಲೆ ಹಾಕ್ತಿದ್ದೀರಾ? ಹೆಸರು ನಿಮ್ಮದೇ ಇದೆಯಲ್ಲಮ್ಮ ಇಲ್ಲಿ" ಎಂದರು. ವಾರ್ಡಿನ ಹೆಸರು ಬದಲಿಸಲು ಫೋನ್ ಮಾಡಿದ್ದಿರಾ ಎಂದು ದೊಡ್ಡ ಡಾಕ್ಟರನ್ನು ಕೇಳಿದರೆ ಅವರಿಗೆ ನೆನಪಾಗಲಿಲ್ಲ. ನನಗೂ ಸಿಸ್ಟರಿಗೂ ಮೊದಲೇ ಒಪ್ಪಂದವಾಗಿದೆಯೇ ಎಂದು ಒಬ್ಬರು ಕೇಳಿದರು. ಕೊನೆಗೆ, ನಾನು ಕೈ ಹಾಕಿದ್ದು ಬೇರೆ ವಿಷಯ, ಆಕೆ ಇಬ್ಬರನ್ನು ಒಂದೇ ಹಾಸಿಗೆಗೆ ಬರೆದದ್ದು ಬೇರೆ ವಿಷಯ ಎಂದು ತೀರ್ಮಾನ. ನನ್ನನ್ನು ಈ ತಿಂಗಳ ಕೊನೆಗೆ ಮನೆಗೆ ಕಳಿಸುತ್ತಾರೆ. ಸಿಸ್ಟರ್ ನೋಂದಣಿಯ ನಿರ್ಧಾರ ಹದಿನಾರಕ್ಕೆ.

ನಾನು ನಿಜ ಹೇಳಿದೆ ಅತ್ತಿಗೆ. ಆದರೆ ನೀವು ಅದನ್ನು ನನಗಿಂತ ಮೊದಲು, ದೂರಿನ ಹಾಗೆ ಹೇಳಿಬಿಟ್ಟಿದ್ದಿರಿ. ಆಮೇಲೆ ನನ್ನ ಬಾಯಲ್ಲಿ ಅದು ಸಿಕ್ಕಿಬಿದ್ದ ಕಳ್ಳಿಯ ಮಾತಾಯಿತು.

ಫೈಲು ಕಳಿಸಿದ್ದಕ್ಕೆ ಪುರಾವೆ ಇರುವುದು ನಿಮ್ಮ ಹತ್ತಿರ ಮಾತ್ರ. ನಿಮ್ಮ ಲಾಯರ ಬಾಯಿಂದ "ಸ್ವಲ್ಪ ತಡೆಯಿರಿ" ಎನ್ನುವುದು ಎಷ್ಟು ದಿನ ಬರುತ್ತದೆ ನೋಡೋಣ. ನೀವು ಕೊಡುತ್ತೀರಿ ಎಂದು ನಾನು ನಂಬಿಲ್ಲ. ಹಾಗೆ ಬರೆಯಲು ಬೇಜಾರಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಿಮ್ಮ ನಾದಿನಿ


ಏಪ್ರಿಲ್ 11

ಕಿರಿಕಿರಿ,

ಫೈಲು ಕಳಿಸಿದ ದಾಖಲೆ, ವಾರ್ಡಿನ ಹೆಸರು ಬದಲಿಸಿದ ಚಿತ್ರ, ಅದರಿಂದ ಏನು ಹುಟ್ಟುತ್ತದೆ, ಏನು ಅಳಿಸಿಹೋಗುತ್ತದೆ ಎಂಬ ವಿವರಣೆ, ಎಲ್ಲವನ್ನೂ ಸಹಿ ಹಾಕಿ ಸಮಿತಿಗೆ ಕಳಿಸಿದ್ದೇನೆ. ನಿನ್ನ ಹಳೇ ಇಮೇಲು ಹುಡುಕಿದೆ. ಸಿಕ್ಕಿತು. ನನ್ನ ಉತ್ತರವೂ ಇತ್ತು. ನಿನ್ನ ಎರಡನೇ ಪ್ರಶ್ನೆಯನ್ನು ನಾನು ತೆರೆದೇ ಇರಲಿಲ್ಲ. ಅದನ್ನೂ ಜೊತೆಗೆ ಇಟ್ಟಿದ್ದೇನೆ.

ಎಲ್ಲ ಕಳಿಸಿಯಾದ ಮೇಲೆಯೇ ಲಾಯರಿಗೆ ಹೇಳಿದೆ. ನನ್ನನ್ನು ಈ ಕೆಲಸದಿಂದ ತೆಗೆದು ಮೂಲೆಯ ಟೇಬಲ್ಲಿಗೆ ಹಾಕಿದ್ದಾರೆ.

ನಿನಗೆ ಹೆದರಿ ಬರೆದದ್ದಲ್ಲ. ನೀನು ನಂಬುವುದಿಲ್ಲ, ಗೊತ್ತು. ನಿಮ್ಮಣ್ಣ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು: "ನೀವಿಬ್ರೂ ಒಂದು ಫೋನ್ ಮಾಡಬಹುದಿತ್ತಲ್ಲೇ."

ಸಿಸ್ಟರ್ ವಿಷಯ ತಿಳಿಸು. ನನ್ನ ಮೇಲೆ ಸಿಟ್ಟಿದ್ದರೂ ಅದೊಂದನ್ನು ತಿಳಿಸು.

ಅತ್ತಿಗೆ


ಏಪ್ರಿಲ್ 21

ಅತ್ತಿಗೆ,

ಸಿಸ್ಟರ್ ಮೇಲಿನ ಆರೋಪ ತೆಗೆದುಹಾಕಿದರು. ನಿನ್ನ ಕಾಗದಗಳನ್ನು ಓದಿದ ಮೇಲೆ ವಕೀಲರು ತಾವೇ ಅವನ್ನು ಕಡತಕ್ಕೆ ಸೇರಿಸಿದರು. ತಾವು ಫೋನ್ ಮಾಡಿದ್ದು ದೊಡ್ಡ ಡಾಕ್ಟರಿಗೂ ನೆನಪಾಯಿತು. ನನ್ನ ಕೆಲಸ ಹೋದದ್ದು ಹೋದಂತೆಯೇ. ಅದಕ್ಕೆ ನನ್ನ ತಕರಾರಿಲ್ಲ. ಅಜ್ಜಿ ಮನೆಗೆ ಹೋದರು.

ಸುದ್ದಿ ಹೇಳಲು ನಾನೇ ಸಿಸ್ಟರ್ ಮನೆಗೆ ಹೋದೆ. ಎರಡು ಕೋಣೆಯ ಮನೆ. ಬಾಗಿಲು ತೆಗೆದರು, ಒಳಗೆ ಬನ್ನಿ ಎನ್ನಲಿಲ್ಲ. ಸಮಿತಿಯ ಮುಂದೆ ಯಾರೂ ಪೂರ್ತಿ ಕೇಳದ್ದನ್ನೆಲ್ಲ ಮೆಟ್ಟಿಲ ಮೇಲೆ ನಿಂತೇ ಬಿಡಿಸಿ ಹೇಳಿದೆ: ಸಾಲು ಸೇರಿಸಿದ್ದು, ಅಳಿಸಿಹೋದದ್ದು, ನಾವಿಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸುತ್ತ ಕೂತದ್ದು. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

"ಕಪಾಟು ಖಾಲಿ ಮಾಡೋಕೆ ಬಂದಿದ್ನಲ್ಲ, ಅವತ್ತೇ ಗೊತ್ತಿತ್ತಾ ನಿಮಗೆ?" ಎಂದರು.

ಗೊತ್ತಿತ್ತು ಎಂದೆ.

"ನಾನು ಕೇಳಿದ್ನಲ್ಲ ಮೇಡಂ, ಕೆಂಪು ಬರ್ತಿತ್ತು ಅಲ್ವಾ ಅಂತ. ನೀವು ಹೂಂ ಅನ್ಲಿಲ್ಲ. ಮನೆಗೆ ಬಂದು ಯೋಚನೆ ಮಾಡ್ದೆ. ಅಷ್ಟು ಓದಿದೋರಿಗೇ ಗೊತ್ತಿಲ್ಲ ಅಂದ್ರೆ ಬರ್ತಿರ್ಲಿಲ್ಲ ಅನ್ಸುತ್ತೆ, ನಾನೇ ಏನೋ ಕಲ್ಪನೆ ಮಾಡ್ಕೊಂಡಿದೀನಿ ಅನ್ಕೊಂಡೆ. ಅಜ್ಜಿಗೆ ನಾನೇ ಹಾಗೆ ಮಾಡಿದ್ದು ಅಂತ ನಂಬಿಬಿಟ್ಟಿದ್ದೆ ಕಣ್ರೀ. ದೇವರ ಮುಂದೆ ತಪ್ಪೊಪ್ಪಿಕೊಂಡೂ ಆಗಿತ್ತು."

ಕ್ಷಮಿಸಿ ಎಂದೆ. ಅವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು.

ನಿನ್ನೆಯಿಂದ ಕೆಲಸಕ್ಕೆ ಬರುತ್ತಿದ್ದಾರೆ. ನಾನು ಗಾಜಿನ ಬಾಗಿಲಿನ ಈಚೆ ನಿಂತು ನೋಡಿದೆ. ಹೊಸ ಪೇಶೆಂಟ್ ಒಬ್ಬಳಿಗೆ ಇಂಜೆಕ್ಷನ್ ಕೊಡಬೇಕಿತ್ತು. ಹೆಸರು ಕೇಳಿದರು, ಕೈಗೆ ಕಟ್ಟಿದ ಹೆಸರಿನ ಪಟ್ಟಿ ಓದಿದರು, ಪರದೆ ನೋಡಿ ಬಂದರು, ಮತ್ತೆ ಹೆಸರು ಕೇಳಿದರು. ಆ ಹುಡುಗಿ ನಗುತ್ತ, "ನಾನು ನಾನೇ ಸಿಸ್ಟರ್, ಬೇರೆ ಯಾರೂ ಅಲ್ಲ" ಎಂದಳು. ಸಿಸ್ಟರ್ ನಗಲಿಲ್ಲ. ಸಿರಿಂಜನ್ನು ಮೆಲ್ಲಗೆ ಟ್ರೇಯಲ್ಲಿಟ್ಟು, ಆಚೆ ಹಾಸಿಗೆಯ ಹತ್ತಿರವಿದ್ದ ಹೊಸ ನರ್ಸನ್ನು ಕರೆದರು.

"ನೀನೇ ಚುಚ್ಚಮ್ಮ. ನಂಗೆ ಕೈ ಬರ್ತಿಲ್ಲ."

ಕಿರಿಕಿರಿ